ತಂದ ಜೀವಕ್ಕೆ ತಕ್ಕ ತುತ್ತು



ಹಿತ್ತಲಿನ ಕೈತೋಟ, ಮನೆಯ ಹಸು, ಮಕ್ಕಳ ಓದು, ಹಿರಿಯರ ಆರೋಗ್ಯ ಮೊದಲಾದ ಗೃಹಕೃತ್ಯದ ಸಂಗತಿಗಳನ್ನು ಕುರಿತು ಈ ಅಂಕಣದಲ್ಲಿ ತಮ್ಮೊಡನೆ ಮಾತನಾಡುತ್ತ ಬಂದಿದ್ದೇವೆ. ಈ ತಿಂಗಳ ವಿಷಯ ತಮಗೆ ತುಸು ವಿಚಿತ್ರವೆನಿಸಬಹುದು. ಗಾಜಿನ ತೊಟ್ಟಿಯಲ್ಲಿ ಸಾಕಿದ ಕಡಲ ಮೀನು ಒಣ ಆಹಾರವನ್ನು ಮುಟ್ಟದೆ ಹೋದಾಗ, ಅದಕ್ಕೆ ಬೇಕಾದ ಜೀವಂತ ಆಹಾರವನ್ನು ಮನೆಯಲ್ಲಿಯೇ ಬೆಳೆಸುವ ಬಗೆಯನ್ನು ಕುರಿತು ಈ ಲೇಖನ. ಮಾಂಸಾಹಾರವಿಲ್ಲದ ಮನೆಗಳ ಪತ್ರಿಕೆಯಲ್ಲಿ ಇದೆಂಥ ಮಾತು ಎಂದು ಯಾರಾದರೂ ಹುಬ್ಬೇರಿಸಿದರೆ ತಪ್ಪೇನಿಲ್ಲ. ನಮ್ಮ ಮನೆಯಲ್ಲಿಯೂ ಮೊದಲು ಎದ್ದದ್ದು ಅದೇ ಪ್ರಶ್ನೆ. ಆದರೆ ಇಂದು ನಮ್ಮ ಅನೇಕ ಮನೆಗಳ ನಡುಮನೆಯಲ್ಲಿ ಮೀನಿನ ತೊಟ್ಟಿ ಬಂದು ನಿಂತಿದೆ. ತಂದವರು ಮಕ್ಕಳಾದರೂ ಹೊಣೆ ಮನೆಯವರೆಲ್ಲರದು. ಆದುದರಿಂದ ನಮ್ಮ ಅನುಭವವನ್ನು, ನಮ್ಮ ತಪ್ಪುಗಳನ್ನೂ ಮುಚ್ಚಿಡದೆ, ತಮ್ಮ ಮುಂದಿಡುತ್ತಿದ್ದೇವೆ.

ನಮ್ಮ ದೊಡ್ಡಬಳ್ಳಾಪುರ ಮಗ್ಗದ ಸದ್ದಿನ ಊರು. ಪಶ್ಚಿಮದ ಕಡಲಾಗಲಿ ಪೂರ್ವದ ಕಡಲಾಗಲಿ ಇಲ್ಲಿಂದ ರಸ್ತೆಯ ದಾರಿಯಲ್ಲಿ 300 ಕಿಲೋಮೀಟರಿಗೂ ಹೆಚ್ಚು ದೂರ. ಊರು ನಿಂತಿರುವುದು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲೆ. ಬಾಲ್ಯದಲ್ಲಿ ನಾವು ಕಂಡ ಮೀನೆಂದರೆ ಕೆರೆಯ ಮೀನು ಮಾತ್ರ. 1983ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆದ ಮೇಲೆ, ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗಿ ಬಣ್ಣದ ಮೀನುಗಳನ್ನು ನೋಡಿ ಬಂದೆವು. ಈಗ ಅದೇ ಮಕ್ಕಳ ಮಗ, ಕಾಲೇಜಿನಲ್ಲಿ ಓದುವ ನಮ್ಮ ಮೊಮ್ಮಗ, 150 ಲೀಟರಿನ ಗಾಜಿನ ತೊಟ್ಟಿಯನ್ನು ತಂದು, ಶುದ್ಧೀಕರಿಸಿದ ನೀರಿಗೆ ಲೀಟರಿಗೆ 35 ಗ್ರಾಂನಂತೆ ಕಡಲುಪ್ಪಿನ ಮಿಶ್ರಣವನ್ನು ಕಲಸಿ, ನಡುಮನೆಯಲ್ಲಿ ಒಂದು ಪುಟ್ಟ ಕಡಲನ್ನೇ ನಿಲ್ಲಿಸಿಬಿಟ್ಟ. ನೀರು ಆವಿಯಾದರೆ ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ತಗ್ಗಿದ ನೀರಿಗೆ ಸಿಹಿನೀರನ್ನೇ ಸೇರಿಸಬೇಕು ಎಂಬಂಥ ಸೂಕ್ಷ್ಮಗಳನ್ನು ಅವನು ಮೊದಲೇ ಕಲಿತಿದ್ದ. ಮೀನಿನ ಹೊಲಸನ್ನು ಅರಗಿಸುವ ಸೂಕ್ಷ್ಮಾಣುಗಳು ತೊಟ್ಟಿಯಲ್ಲಿ ನೆಲೆಗೊಳ್ಳಲೆಂದು ಒಂದೂವರೆ ತಿಂಗಳು ತೊಟ್ಟಿಯನ್ನು ಮೀನಿಲ್ಲದೆಯೇ ನಡೆಸಿದ. ಹುಡುಗನ ಸಹನೆಯನ್ನು ಕಂಡು ನಾವೂ ಮೆಚ್ಚಿದೆವು.

ಬಳಿಕ ನಾಲ್ಕು ಮೀನು ಬಂದವು. ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನು ಎರಡು, ಉದ್ದ ಮೂತಿಯ ಚಿಟ್ಟೆಮೀನು ಒಂದು, ರೇಷ್ಮೆ ಸೀರೆಯ ಅಂಚಿನಂತೆ ನೀಲಿ-ಹಸಿರು-ಕಿತ್ತಳೆ ಬಣ್ಣಗಳು ಹೆಣೆದುಕೊಂಡಿದ್ದ ಮ್ಯಾಂಡರಿನ್ ಎಂಬ ಬೆರಳುದ್ದದ ಮೀನು ಒಂದು. ಎಲ್ಲವೂ ಕಾಳಿನ ಆಹಾರವನ್ನು ತಿನ್ನುತ್ತವೆ ಎಂದು ಮಾರಿದವರು ಹೇಳಿದ್ದರು. ಕ್ಲೌನ್ ಮೀನುಗಳು ತಿಂದವು. ಉಳಿದೆರಡು ಮುಟ್ಟಲಿಲ್ಲ.

“ತಾತ, ಚಿಟ್ಟೆಮೀನು ಮೂರು ದಿನದಿಂದ ಏನೂ ತಿಂದಿಲ್ಲ” ಎಂದು ಮೊಮ್ಮಗ ಬಂದು ಹೇಳಿದಾಗ ನಾವು ಕೊಟ್ಟ ಉತ್ತರವನ್ನು ಇಂದಿಗೂ ಮರೆತಿಲ್ಲ. “ಹಸಿವಿಗೆ ರುಚಿಯಿಲ್ಲ, ನಿದ್ದೆಗೆ ಹಾಸಿಗೆಯಿಲ್ಲ. ಹಸಿದರೆ ತಾನೇ ತಿನ್ನುತ್ತದೆ ಬಿಡಪ್ಪ” ಎಂದೆವು. ಆ ಮೀನು ದಿನವಿಡೀ ಕಲ್ಲಿನ ಸಂದುಗಳಲ್ಲಿ ಮೂತಿಯಿಟ್ಟು ಓಡಾಡುತ್ತಿತ್ತು. ಆಡುತ್ತಿದೆ ಎಂದುಕೊಂಡೆವು. ಅದು ಆಡುತ್ತಿರಲಿಲ್ಲ, ಆಹಾರವನ್ನು ಹುಡುಕುತ್ತಿತ್ತು. ಹನ್ನೆರಡನೆಯ ದಿನ ಬೆಳಗ್ಗೆ ಅದು ತೊಟ್ಟಿಯ ಮೂಲೆಯಲ್ಲಿ ಒರಗಿ ಬಿದ್ದಿತ್ತು. ತೊಟ್ಟಿಯ ತಳದಲ್ಲಿ ತಿನ್ನದ ಕಾಳುಗಳು ಹಾಗೆಯೇ ಇದ್ದವು. ಅನ್ನದ ನಡುವೆ ಹಸಿದು ಸತ್ತ ಜೀವವನ್ನು ನಾವು ನಮ್ಮ ಮನೆಯಲ್ಲಿ ಕಂಡದ್ದು ಅದೇ ಮೊದಲು. ಮೊಮ್ಮಗ ಆ ದಿನ ಕಾಲೇಜಿಗೆ ಹೋಗಲಿಲ್ಲ. ನಮಗೂ ಊಟ ಸೇರಲಿಲ್ಲ.

ಮೀನು ಹಟ ಮಾಡಿತೇ?

ಆಮೇಲೆ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡ ಸಂಗತಿ ಇಷ್ಟು. ಇಂಥ ಮೀನುಗಳು ಹಟಮಾರಿಗಳಲ್ಲ. ಚಲಿಸುವ ಕಿರುಜೀವಿಯನ್ನು ಕಂಡರೆ ಮಾತ್ರ ‘ಇದು ಆಹಾರ’ ಎಂದು ಅರಿಯುವಂತೆ ಅವುಗಳ ಕಣ್ಣು, ಬಾಯಿ, ನಡವಳಿಕೆಗಳು ರೂಪುಗೊಂಡಿವೆ. ನೀರಿನಲ್ಲಿ ನಿಶ್ಚಲವಾಗಿ ಮುಳುಗುವ ಕಾಳು ಅವುಗಳ ಪಾಲಿಗೆ ಮರಳಿನ ಹರಳು. ನಮ್ಮ ಚಿಟ್ಟೆಮೀನಿನ ಉದ್ದ ಮೂತಿ ಕಲ್ಲಿನ ಬಿರುಕಿನಿಂದ ಸಣ್ಣ ಹುಳುಗಳನ್ನು ಹೆಕ್ಕುವುದಕ್ಕಾಗಿ ಇರುವಂಥದು. ಪಶ್ಚಿಮ ಪೆಸಿಫಿಕ್ ಸಾಗರದ ಮ್ಯಾಂಡರಿನ್ ಮೀನು ಹವಳದ ಕಲ್ಲುಗಳ ಮೇಲೆ ನಿಧಾನವಾಗಿ ತೆವಳುತ್ತ, ಕೋಪಿಪಾಡ್ ಎಂಬ ಸಾಸಿವೆಗಿಂತಲೂ ಸಣ್ಣ ಜೀವಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಒಂದೊಂದಾಗಿ ಕೊಕ್ಕುತ್ತ ಬದುಕುತ್ತದೆ. ಚಿಟ್ಟೆಮೀನುಗಳ ಜಾತಿಯಲ್ಲಿಯೇ ಕೆಲವು ಜೀವಂತ ಹವಳವನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ಅಂಥವನ್ನು ಮನೆಗೆ ತಂದವರು ಅವನ್ನು ಉಪವಾಸ ಕೆಡವಲೆಂದೇ ತಂದಂತಾಗುತ್ತದೆ.

ಈ ಮಾತಿನ ಜೊತೆಗೆ ಕಡಲ ಕುದುರೆಯ ಹೆಸರನ್ನೂ ಹೇಳಬೇಕು. ಹಲ್ಲಿಲ್ಲದ, ಜಠರವಿಲ್ಲದ ಈ ಮೀನು ಉಂಡದ್ದು ಬಹುಬೇಗ ಕರುಳನ್ನು ದಾಟಿಹೋಗುವುದರಿಂದ ದಿನಕ್ಕೆ ಹಲವು ಬಾರಿ ಉಣ್ಣಬೇಕು. ಅದರಲ್ಲಿ ಮರಿಗಳನ್ನು ಹೊರುವುದು ತಂದೆ. ಮಕ್ಕಳಿಗೆ ಅದರ ಮೇಲೆ ಬಲು ಆಸೆ. ಆದರೆ ನಮ್ಮ ದೇಶದಲ್ಲಿ 2001ರಲ್ಲಿಯೇ ಕಡಲ ಕುದುರೆಗಳನ್ನೂ ದಿಬ್ಬ ಕಟ್ಟುವ ಹವಳಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಕಾಡಿನ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ದೊರೆಯಿತು. ಅಂಗಡಿಯಲ್ಲಿ ಯಾರಾದರೂ ಗುಟ್ಟಾಗಿ ಕೊಡುತ್ತೇವೆಂದರೂ ತರಬಾರದು. ಕಡಲಿನಿಂದ ಕಿತ್ತ ಹವಳದ ಕಲ್ಲನ್ನೂ ತೊಟ್ಟಿಯ ಅಲಂಕಾರಕ್ಕೆ ತರಬಾರದು.

ತಾಯಿಯವರ ತೀರ್ಪು

ಚಿಟ್ಟೆಮೀನು ಹೋದ ಮೇಲೆ ಮ್ಯಾಂಡರಿನ್ ಉಳಿದಿತ್ತು. ಅದರ ಹೊಟ್ಟೆಯೂ ಒಳಗೆ ಸೇದಿಕೊಂಡು, ಬೆನ್ನಿನ ಎರಡು ಬದಿಗಳಲ್ಲಿ ಗುಳಿ ಬಿದ್ದಿತ್ತು. ಜೀವಂತ ಆಹಾರವೊಂದೇ ಉಪಾಯವೆಂದು ಮೊಮ್ಮಗ ಹೇಳಿದ. ಉಪ್ಪುನೀರಿನ ಪುಟ್ಟ ಸೀಗಡಿಯ ಮೊಟ್ಟೆಗಳನ್ನು ತಂದು, ಮರಿ ಮಾಡಿಸಿ, ಆ ಮರಿಗಳನ್ನು ಮೀನಿಗೆ ಉಣಿಸಬೇಕು. ನಮ್ಮ ಮನೆಯವರು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, “ಮೊಟ್ಟೆಯ ಹೆಸರನ್ನೇ ಎತ್ತದ ಮನೆ ಇದು. ಜೀವವನ್ನು ಬೆಳೆಸಿ ಜೀವಕ್ಕೆ ಹಾಕುವುದೇನು?” ಎಂದರು. ನಮಗೂ ಬಾಯಿ ಬರಲಿಲ್ಲ. ದಯೆಯೇ ಧರ್ಮದ ಬೇರು ಎಂದು ಮಕ್ಕಳಿಗೆ ಹೇಳಿಕೊಟ್ಟವರು ನಾವೇ ಅಲ್ಲವೆ?

ಆಗ ಮಾತನಾಡಿದವರು ಎಂಬತ್ತೆಂಟರ ಹರೆಯದ ನಮ್ಮ ತಾಯಿಯವರು. ಅವರ ತವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಬಳಿಯ ಹಳ್ಳಿ. ರೇಷ್ಮೆ ಸಾಕಿದ ಮನೆತನ. “ನಾವು ಉಟ್ಟ ಸೀರೆ ಎಲ್ಲಿಂದ ಬಂತು? ಗೂಡನ್ನು ಬಿಸಿನೀರಿಗೆ ಹಾಕದೆ ನೂಲು ಬರುತ್ತದೆಯೆ? ನಮ್ಮ ಕೈಗೆ ಏನೂ ಅಂಟಿಲ್ಲವೆಂದು ಹೇಳುವುದು ಬೇಡ. ಈ ಮೀನನ್ನು ತರಬಾರದಿತ್ತು. ತಂದಾಗಿದೆ. ಕಡಲಿಗೆ ಹಿಂದಕ್ಕೆ ಬಿಡಲು ಬರುವುದಿಲ್ಲ. ನಮ್ಮ ವ್ರತ ನಮ್ಮದು, ಅದರ ಹೊಟ್ಟೆ ಅದರದು. ನಮ್ಮ ವ್ರತಕ್ಕಾಗಿ ಅದನ್ನು ಉಪವಾಸ ಕೊಲ್ಲುವುದು ಯಾವ ದಯೆ? ಇದನ್ನು ಉಳಿಸಿ. ಮುಂದೆ ಇಂಥದನ್ನು ತರಬೇಡಿ” ಎಂದರು.

ಈ ಮಾತಿನಿಂದ ಪ್ರಶ್ನೆ ಪೂರ್ತಿ ಬಗೆಹರಿಯಿತೆಂದು ನಾವು ಹೇಳುವುದಿಲ್ಲ. ಒಂದು ಜೀವವನ್ನು ಉಳಿಸಲು ಅನೇಕ ಕಿರುಜೀವಿಗಳನ್ನು ಕೊಡುವ ಲೆಕ್ಕ ಸುಲಭದ ಲೆಕ್ಕವಲ್ಲ. ಆದರೆ ಕಡಲಿನಲ್ಲಿ ಆ ಮೀನು ತಾನೇ ಹುಡುಕಿ ತಿನ್ನುತ್ತಿತ್ತು. ಅದರ ದಾರಿಯನ್ನು ಗಾಜಿನಿಂದ ಮುಚ್ಚಿದವರು ನಾವು. ಮುಚ್ಚಿದ ಮೇಲೆ ಅದರ ತುತ್ತಿನ ಹೊಣೆ ನಮ್ಮ ಮೇಲೆ ಬಿತ್ತು. ಅದು ಕೂಡ ನಮಗೆ ಒಪ್ಪುವ ತುತ್ತಲ್ಲ, ಅದಕ್ಕೆ ಒಗ್ಗುವ ತುತ್ತು. ನಮ್ಮ ಮನೆಯವರು ಕೊನೆಗೆ ಎರಡು ಕಟ್ಟಳೆಗಳೊಡನೆ ಒಪ್ಪಿದರು: ಈ ಕೆಲಸ ಅಡುಗೆಮನೆಗೂ ಪೂಜೆಯ ಕೋಣೆಗೂ ಬರಕೂಡದು, ಅದರ ಸೀಸೆ, ಸೌಟು, ಜಾಲರಿಗಳೆಲ್ಲ ಬೇರೆಯಾಗಿಯೇ ಇರಬೇಕು. ಮೊಮ್ಮಗ ಹಿಂಬದಿಯ ಪಡಸಾಲೆಯಲ್ಲಿ ಜಾಗ ಮಾಡಿಕೊಂಡ. ಶುಚಿತ್ವದ ದೃಷ್ಟಿಯಿಂದಲೂ ಆ ಕಟ್ಟಳೆಗಳು ಸರಿಯಾದವೇ.

ಒಂದು ಚಿಟಿಕೆ ಮೊಟ್ಟೆ

ಈ ಸೀಗಡಿಯ ಹೆಸರು ಆರ್ಟೀಮಿಯಾ. ಕಡಲಿಗಿಂತಲೂ ಹೆಚ್ಚು ಉಪ್ಪಿರುವ, ಮೀನುಗಳು ಬದುಕಲಾರದ ಸರೋವರಗಳಲ್ಲಿಯೂ ಉಪ್ಪಿನ ಆಗರಗಳಲ್ಲಿಯೂ ಅದು ವಾಸಿಸುತ್ತದೆ. ಅಮೆರಿಕದ ಯೂಟಾ ರಾಜ್ಯದ ಮಹಾ ಉಪ್ಪು ಸರೋವರದಿಂದ ಇದರ ಮೊಟ್ಟೆಗಳು ಅಪಾರ ಪ್ರಮಾಣದಲ್ಲಿ ಸಂಗ್ರಹವಾಗುತ್ತವೆ. ನಮ್ಮ ದೇಶದ ತೂತುಕುಡಿಯ ಉಪ್ಪಿನ ಆಗರಗಳಲ್ಲಿಯೂ ಇದರ ನೆಲೆಯಿದೆ. ನೀರು ಬತ್ತುವ ಕಾಲ ಬಂದಾಗ ಹೆಣ್ಣು ಗಟ್ಟಿ ಕವಚದ ಮೊಟ್ಟೆಗಳನ್ನು ಬಿಡುತ್ತದೆ. ಅವು ಒಣಗಿದ ಕಂದು ಧೂಳಿನಂತೆ ವರ್ಷಗಟ್ಟಲೆ ಬಿದ್ದಿದ್ದು, ಉಪ್ಪುನೀರು ಸೋಕಿದೊಡನೆ ಜೀವ ತಳೆಯುತ್ತವೆ. ಒಂದು ಗ್ರಾಂ ಧೂಳಿನಲ್ಲಿ ಎರಡರಿಂದ ಮೂರು ಲಕ್ಷ ಮೊಟ್ಟೆಗಳಿರುತ್ತವೆ. ಹೊರಬಂದ ಮರಿಯ ಉದ್ದ ಅರ್ಧ ಮಿಲಿಮೀಟರಿನಷ್ಟು. ಮೀನಿನ ಮರಿಗಳಿಗೆ ಇದು ಒಳ್ಳೆಯ ಆಹಾರವೆಂಬುದನ್ನು ಸ್ಯಾನ್ ಫ್ರಾನ್ಸಿಸ್ಕೋದ ಆಲ್ವಿನ್ ಸೀಲ್ 1933ರಲ್ಲಿಯೂ ನಾರ್ವೆ ದೇಶದ ಗುನ್ನಾರ್ ರೋಲೆಫ್ಸೆನ್ 1939ರಲ್ಲಿಯೂ ತೋರಿಸಿಕೊಟ್ಟರು. ಅಂದಿನಿಂದ ಜಗತ್ತಿನ ಮೀನುಮರಿ ಕೇಂದ್ರಗಳೆಲ್ಲ ಇದನ್ನು ನೆಚ್ಚಿಕೊಂಡಿವೆ.

ಮರಿ ಮಾಡಿಸುವ ಕ್ರಮ ಸರಳ. ಎರಡು ಲೀಟರಿನ ಪ್ಲಾಸ್ಟಿಕ್ ಸೀಸೆಯ ತಳವನ್ನು ಕತ್ತರಿಸಿ, ಬಾಯಿ ಕೆಳಗಾಗುವಂತೆ ತಲೆಕೆಳಗು ಮಾಡಿ ನಿಲ್ಲಿಸಬೇಕು. ಲೀಟರಿಗೆ 25 ಗ್ರಾಂನಂತೆ ಕಲ್ಲುಪ್ಪನ್ನು ಕರಗಿಸಿದ ನೀರನ್ನು ತುಂಬಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಬೇಕು. ಪುರಸಭೆಯ ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ಬಳಿಕ ಬಳಸಬೇಕು. ಲೀಟರಿಗೆ ಒಂದು ಗ್ರಾಂ ಮೊಟ್ಟೆ ಸಾಕು. ಸೀಸೆಯ ತಳದವರೆಗೆ ಇಳಿಬಿಟ್ಟ ನಳಿಗೆಯಿಂದ ಗಾಳಿ ಬಿಡದೆ ಗುಳುಗುಳಿಸುತ್ತಿರಬೇಕು. ಮೊಟ್ಟೆ ಎಲ್ಲಿಯೂ ತಂಗಬಾರದು. ಮೇಲೊಂದು ದೀಪ ಉರಿಯುತ್ತಿರಬೇಕು. ನೀರಿನ ಉಷ್ಣತೆ 26ರಿಂದ 28 ಡಿಗ್ರಿ ಸೆಲ್ಷಿಯಸ್ ಇದ್ದರೆ ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಇದನ್ನು ಕೇಳಿದ ತಾಯಿಯವರು “ಇದು ಚಾಕಿ ಕಟ್ಟುವ ಕೆಲಸವೇ ಅಲ್ಲವೇನೋ!” ಎಂದು ನಕ್ಕರು. ಅವರ ಮಾತು ನಿಜ. ರೇಷ್ಮೆಯ ಚಾಕಿ ಮನೆಯಲ್ಲಿಯೂ ಬೇಕಾದ ಶಾಖ ಹೆಚ್ಚುಕಡಿಮೆ ಇಷ್ಟೇ. ಅಲ್ಲಿಯೂ ಮೊಟ್ಟೆಯನ್ನು ಕತ್ತಲಲ್ಲಿಟ್ಟು, ಒಡೆಯುವ ದಿನ ಬೆಳಕಿಗೆ ಒಡ್ಡಿದರೆ ಹುಳುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಅಲ್ಲಿಯೂ ಎಳೆಹುಳುವಿಗೆ ಎಳೆಸೊಪ್ಪನ್ನೇ ಕೊಯ್ದು ಹಾಕಬೇಕು. ಬಲಿತ ಸೊಪ್ಪನ್ನು ಹಾಕಿ, ಹಸಿದರೆ ತಿನ್ನಲಿ ಎಂದು ಯಾವ ರೈತನೂ ಸುಮ್ಮನೆ ಕೂರುವುದಿಲ್ಲ. ಹುಳುವಿನ ವಿಷಯದಲ್ಲಿ ನಮ್ಮ ಹಿರಿಯರಿಗೆ ತಿಳಿದಿದ್ದುದು ಮೀನಿನ ವಿಷಯದಲ್ಲಿ ನಮಗೆ ಹೊಳೆಯದೆ ಹೋಯಿತು.

ನಾವು ಎಡವಿದ ಹೆಜ್ಜೆಗಳು

ಕ್ರಮ ಸರಳವೆಂದ ಮಾತ್ರಕ್ಕೆ ಕೆಲಸ ಸುಲಭವೆಂದಲ್ಲ. ಮೊದಲ ಸಲ ನೂರಕ್ಕೆ ಹತ್ತು ಮೊಟ್ಟೆಯೂ ಒಡೆಯಲಿಲ್ಲ. ಆಷಾಢದ ತೇವದ ಗಾಳಿಯಲ್ಲಿ ಪೊಟ್ಟಣವನ್ನು ಬಿಚ್ಚಿಟ್ಟುದೇ ಕಾರಣ. ಮೊಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಒಣ ಸ್ಥಳದಲ್ಲಿ ಕಾಪಾಡಬೇಕು. ಎರಡನೆಯ ಸಲ ಚೆನ್ನಾಗಿ ಒಡೆದವು. ಆದರೆ ರಾತ್ರಿ ವಿದ್ಯುತ್ ಹೋಗಿ ಗಾಳಿಯ ಪಂಪು ನಿಂತು, ಬೆಳಗಾಗುವಷ್ಟರಲ್ಲಿ ಎಲ್ಲವೂ ಸತ್ತು ನಾರುತ್ತಿದ್ದವು. ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪೊಂದನ್ನು ತಂದ ಮೇಲೆ ಆ ತೊಂದರೆ ತಪ್ಪಿತು. ನಮ್ಮ ಭಾಗದಲ್ಲಿ ಮೀನು ಸಾಕುವವರಿಗೆ ಅದಿಲ್ಲದೆ ನಡೆಯುವುದಿಲ್ಲ. ಮೂರನೆಯ ಸಲ ಮರಿಗಳನ್ನು ಚಿಪ್ಪುಗಳ ಸಮೇತ ತೊಟ್ಟಿಗೆ ಸುರಿದು ನೀರನ್ನು ಕೆಡಿಸಿದೆವು. ಒಡೆದ ಚಿಪ್ಪು ಜೀರ್ಣವಾಗುವುದಿಲ್ಲ; ಸಣ್ಣ ಮೀನಿನ ಕರುಳಿಗೆ ಅಡ್ಡಿಯಾಗಬಹುದು.

ಸರಿಯಾದ ಕ್ರಮವೆಂದರೆ, ಗಾಳಿಯನ್ನು ನಿಲ್ಲಿಸಿ ಹತ್ತು ನಿಮಿಷ ಬಿಡಬೇಕು. ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕಿಳಿಯುತ್ತದೆ. ಮರಿಗಳು ಬೆಳಕಿನತ್ತ ಬರುವುದರಿಂದ ಸೀಸೆಯ ನಡುಭಾಗಕ್ಕೆ ದೀಪ ಹಿಡಿದರೆ ಅಲ್ಲಿ ಮುತ್ತಿಕೊಳ್ಳುತ್ತವೆ. ಸಣ್ಣ ನಳಿಗೆಯಿಂದ ಅಷ್ಟನ್ನೇ ಎಳೆದು, ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ತೊಳೆದು ಕೊಡಬೇಕು. ಪುಷ್ಯ ಮಾಸದ ಚಳಿಯಲ್ಲಿ ಒಂದೂವರೆ ದಿನ ಕಳೆದರೂ ಮೊಟ್ಟೆ ಒಡೆಯಲಿಲ್ಲ. ಹಳೆಯ ಕಾಲದ ತಂತಿಯ ಬಲ್ಬೊಂದನ್ನು ಪಕ್ಕದಲ್ಲಿ ಉರಿಸಿ ಶಾಖ ಕೊಟ್ಟೆವು. ಚಾಕಿ ಮನೆಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದುದನ್ನು ತಾಯಿಯವರು ನೆನಪಿಸಿಕೊಂಡರು.

ನಾಲ್ಕನೆಯ ಪ್ರಯತ್ನದ ದಿನ ತೊಟ್ಟಿಯ ಪಂಪನ್ನು ನಿಲ್ಲಿಸಿ, ಸಣ್ಣ ನಳಿಗೆಯಿಂದ ಮರಿಗಳನ್ನು ಮ್ಯಾಂಡರಿನ್ನಿನ ಮುಂದೆ ಬಿಟ್ಟೆವು. ಕಿತ್ತಳೆ ಬಣ್ಣದ ಚುಕ್ಕೆಗಳು ಕುಪ್ಪಳಿಸುತ್ತ ಹರಡಿದವು. ಮೀನು ಒಂದು ಕ್ಷಣ ನಿಂತು, ಕಣ್ಣು ಹೊರಳಿಸಿ, ಒಂದನ್ನು ಕೊಕ್ಕಿತು. ಮತ್ತೆ ಇನ್ನೊಂದನ್ನು. ಕುರ್ಚಿ ಎಳೆದುಕೊಂಡು ಕುಳಿತಿದ್ದ ತಾಯಿಯವರು “ಉಣ್ಣುತ್ತಿದೆ” ಎಂದು ಮೆಲ್ಲಗೆ ಹೇಳಿದರು. ಯಾರೂ ಬೇರೆ ಮಾತಾಡಲಿಲ್ಲ.

ತುತ್ತಿಗೂ ತುತ್ತು

ಆಮೇಲೆ ಕಲಿತ ಪಾಠ ಇನ್ನೂ ದೊಡ್ಡದು. ಆರ್ಟೀಮಿಯಾ ಮರಿ ಹುಟ್ಟಿದ ಮೊದಲ ಕೆಲವು ಗಂಟೆ ಏನನ್ನೂ ತಿನ್ನುವುದಿಲ್ಲ. ತಾನು ಮೊಟ್ಟೆಯಿಂದ ಹೊತ್ತು ತಂದ ಕೊಬ್ಬಿನ ಬುತ್ತಿಯಿಂದಲೇ ಬದುಕುತ್ತದೆ. ಆ ಬುತ್ತಿ ಇರುವಾಗಲೇ ಉಣಿಸಿದರೆ ಮೀನಿಗೆ ಪುಷ್ಟಿ. ತಡವಾದರೆ ಬುತ್ತಿ ಕರಗಿ, ಹೊಟ್ಟೆ ತುಂಬಿದರೂ ಪುಷ್ಟಿಯಿಲ್ಲದ ಆಹಾರವಾಗುತ್ತದೆ. ಮೊದಲ ಪೊರೆ ಬಿಟ್ಟ ಬಳಿಕ ಅದರ ಬಾಯಿ ತೆರೆಯುತ್ತದೆ. ಆಗ ಅದಕ್ಕೂ ಉಣಿಸಬೇಕು. ಕಡಲ ಮೀನುಗಳಿಗೆ ಅತ್ಯಗತ್ಯವಾದ ಒಮೇಗಾ-3 ಕೊಬ್ಬಿನ ಕೆಲವು ಅಂಶಗಳು ಆರ್ಟೀಮಿಯಾದಲ್ಲಿ ಸ್ವಭಾವತಃ ಕಡಿಮೆ. ಆದುದರಿಂದ ಆ ಅಂಶವುಳ್ಳ ಕಡಲ ಪಾಚಿಯ ಹಸಿರು ನೀರಿನಲ್ಲಿ ಮರಿಗಳನ್ನು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಬಿಟ್ಟು, ಅವುಗಳ ಹೊಟ್ಟೆ ಹಸಿರಾದ ಮೇಲೆ ಮೀನಿಗೆ ಕೊಡುವುದು ವಾಡಿಕೆ. ಹಸಿದ ಆಹಾರವನ್ನು ಉಂಡವನೂ ಹಸಿದೇ ಉಳಿಯುತ್ತಾನೆ ಎಂಬ ಸತ್ಯವನ್ನು ಅರ್ಧ ಮಿಲಿಮೀಟರಿನ ಜೀವಿ ನಮಗೆ ಕಲಿಸಿತು.

ಮರಿಗಳನ್ನು ಬೆಳೆಸಬೇಕೆಂದರೆ ಅಗಲ ಬಾಯಿಯ ತೊಟ್ಟಿಯಲ್ಲಿ ಉಪ್ಪುನೀರು, ಮೆಲುವಾದ ಗಾಳಿ, ಹಸಿರು ನೀರು ಅಥವಾ ನುಣುಪಾದ ಸ್ಪಿರುಲಿನಾ ಪುಡಿ ಸಾಕು. ಎರಡು ಮೂರು ವಾರಗಳಲ್ಲಿ ಅವು ಬೆಳೆದು ಒಂದು ಸೆಂಟಿಮೀಟರಿನಷ್ಟು ಉದ್ದವಾಗುತ್ತವೆ. ದೊಡ್ಡ ಬಾಯಿಯ ಮೀನಿಗೆ ಅವು ಒಪ್ಪುತ್ತವೆ. ಹಾಕಿದ ಪುಡಿ ತೀರಿ ನೀರು ತಿಳಿಯಾದ ಮೇಲೆಯೇ ಮತ್ತೆ ಹಾಕಬೇಕು. ತಟ್ಟೆಯಲ್ಲಿ ಅನ್ನ ಬಿಡಬಾರದೆಂದು ಮಕ್ಕಳಿಗೆ ಹೇಳುವ ಮಾತು ಇಲ್ಲಿಯೂ ಸಲ್ಲುತ್ತದೆ. ಮಿಕ್ಕಿದ್ದು ಕೊಳೆತರೆ ಅಮೋನಿಯಾ ಹೆಚ್ಚಿ, ಉಣಿಸಿದ ಕೈಯೇ ಕೊಂದಂತಾಗುತ್ತದೆ.

ಮ್ಯಾಂಡರಿನ್ನಿನಂಥ ಮೀನಿಗೆ ಇದೊಂದೇ ಸಾಲದು. ಅದರ ನಿಜವಾದ ಆಹಾರವಾದ ಕೋಪಿಪಾಡ್‌ಗಳನ್ನು ಬೇರೊಂದು ಸೀಸೆಯಲ್ಲಿ ಹಸಿರು ನೀರಿನಿಂದ ಬೆಳೆಸಿ, ರಾತ್ರಿ ದೀಪವಾರಿದ ಮೇಲೆ ತೊಟ್ಟಿಗೆ ಬಿಡುತ್ತ ಬಂದೆವು. ಕಲ್ಲಿನ ಸಂದುಗಳಲ್ಲಿ ಅವು ಸೇರಿಕೊಂಡು ಮರಿ ಮಾಡಿದರೆ, ಮೀನು ಕಡಲಿನಲ್ಲಿದ್ದಂತೆ ತಾನೇ ಹುಡುಕಿ ತಿನ್ನುತ್ತದೆ. ಪಕ್ಕದಲ್ಲಿ ಮೀನಿಲ್ಲದ ಚಿಕ್ಕ ತೊಟ್ಟಿಯೊಂದರಲ್ಲಿ ಕಡಲ ಪಾಚಿಯನ್ನು ಬೆಳೆಸಿ, ಎರಡಕ್ಕೂ ನೀರು ಹರಿದಾಡುವಂತೆ ಮಾಡಿದರೆ ಅವುಗಳಿಗೆ ನಿರ್ಭಯವಾದ ತವರುಮನೆ ದೊರೆತಂತಾಗುತ್ತದೆ.

ಜೀವಂತ ಆಹಾರಕ್ಕೆ ಒಗ್ಗಿದ ಮೀನಿಗೆ ಮೆಲ್ಲಮೆಲ್ಲನೆ ಬೇರೆ ತುತ್ತನ್ನು ಕಲಿಸಲು ಸಾಧ್ಯವಿದೆ. ಅದೇ ಹೊತ್ತು, ಅದೇ ಜಾಗ, ಅದೇ ನಳಿಗೆ ಇರಬೇಕು. ಮೊದಲು ಜೀವಂತ ಮರಿಗಳ ನಡುವೆ ಹಿಮಗಟ್ಟಿಸಿದ ಸೀಗಡಿಯನ್ನು ಸ್ವಲ್ಪ ಬೆರೆಸಿ, ವಾರಗಳು ಕಳೆದಂತೆ ಅದರ ಪಾಲನ್ನು ಹೆಚ್ಚಿಸುತ್ತ ಹೋಗಬೇಕು. ಕೆಲವು ಮೀನು ಕಲಿಯುತ್ತವೆ, ಕೆಲವು ಕಲಿಯುವುದೇ ಇಲ್ಲ. ಕಲಿಯದ ಮೀನನ್ನು ಉಪವಾಸ ಹಾಕಿ ಬಗ್ಗಿಸಬಾರದು. ಆ ಪ್ರಯೋಗದ ಫಲವನ್ನು ನಾವು ಒಮ್ಮೆ ಕಂಡಿದ್ದೇವೆ.

ಒಂದು ಎಚ್ಚರಿಕೆ. ನೆರೆಯವರೊಬ್ಬರು “ಮಳೆನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಬೇಕಾದಷ್ಟಿದೆ, ಹಿಡಿದು ಹಾಕಿ” ಎಂದರು. ಅದು ಬೇಡ. ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿಯೇ ಮರಿ ಮಾಡುವಂಥದು. ಮೀನಿನ ನೆಪದಲ್ಲಿ ಅದನ್ನು ಬೆಳೆಸಿದರೆ ಇಡೀ ಬೀದಿಗೆ ಜ್ವರ ತಂದಂತಾಗುತ್ತದೆ. ಚರಂಡಿಯ ಕೆಂಪು ಎಳೆಹುಳು ರೋಗಾಣುಗಳನ್ನು ಹೊತ್ತು ತರುತ್ತದೆ. ಮೇಲಾಗಿ ಸಿಹಿನೀರಿನ ಜೀವಿಗಳು ಕಡಲ ನೀರಿಗೆ ಬಿದ್ದೊಡನೆ ಸತ್ತು ನೀರನ್ನು ಕೆಡಿಸುತ್ತವೆ.

ತರುವ ಮುನ್ನ ಕೇಳಬೇಕಾದ ಪ್ರಶ್ನೆ

ಬಂಧುಗಳೇ, ಮೀನು ಸಾಕಬೇಡಿರೆಂದು ನಾವು ಹೇಳುತ್ತಿಲ್ಲ. ಒಂದು ಜೀವದ ಹೊಣೆ ಹೊತ್ತ ಮಗುವಿಗೆ ಹೊತ್ತಿನ ಬೆಲೆ, ಶುಚಿತ್ವದ ಬೆಲೆ, ಮಾತಿಲ್ಲದವರ ಹಸಿವಿನ ಬೆಲೆ ತಿಳಿಯುತ್ತದೆ. ಆದರೆ ಅಂಗಡಿಯ ಮುಂದೆ ನಿಂತಾಗ ‘ಇದರ ಬೆಲೆ ಎಷ್ಟು’ ಎಂದು ಕೇಳುವ ಮೊದಲು ‘ಇದು ಏನನ್ನು ಉಣ್ಣುತ್ತದೆ’ ಎಂದು ಕೇಳಬೇಕು. ಅಂಗಡಿಯಲ್ಲಿಯೇ ಅದು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ತರಬೇಕು. ಮೊದಲ ಸಲ ತರುವವರು, ಸಾಕಣೆ ಕೇಂದ್ರದಲ್ಲಿಯೇ ಹುಟ್ಟಿ ಕಾಳಿನ ಆಹಾರಕ್ಕೆ ಒಗ್ಗಿದ ಕ್ಲೌನ್ ಮೀನನ್ನು ತರುವುದು ಒಳಿತು. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಆ ಮರಿಗಳನ್ನೂ ಮೊದಲ ದಿನಗಳಲ್ಲಿ ರೋಟಿಫರ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಂದಲೂ, ಬಳಿಕ ಆರ್ಟೀಮಿಯಾದಿಂದಲೂ ಬೆಳೆಸುತ್ತಾರೆ. ಹೀಗೆ ಸಾಕಣೆಯಲ್ಲಿ ಹುಟ್ಟಿದ ಮೀನನ್ನು ಕೊಂಡರೆ ಕಡಲಿನ ದಿಬ್ಬಗಳನ್ನು ಬರಿದು ಮಾಡಿದ ಪಾಪವೂ ಬರುವುದಿಲ್ಲ. ಉಪ್ಪುನೀರಿನ ಗೊಡವೆಯೇ ಬೇಡವೆನ್ನುವವರಿಗೆ ಸಿಹಿನೀರಿನ ಮೀನುಗಳುಂಟು. ನಮ್ಮ ನೆರೆಯ ಹೆಸರಘಟ್ಟದಲ್ಲಿಯೇ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಈ ವಿದ್ಯೆಯನ್ನು ಆಳವಾಗಿ ಕಲಿಯಬಯಸುವ ಮಕ್ಕಳಿಗೆ ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯವಿದೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಕ್ಲೌನ್ ಮೀನು ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಹತ್ತು ವರ್ಷದಲ್ಲಿ ಮಗ ಓದು ಮುಗಿಸಿ ದೂರದೇಶಕ್ಕೆ ಹೋಗಬಹುದು, ಮಗಳು ಗಂಡನ ಮನೆಗೆ ಹೋಗಬಹುದು. ಆಗ ತೊಟ್ಟಿಯ ಮುಂದೆ ನಿಂತು ಉಣಿಸುವವರು ಯಾರು? ಈ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಕ್ಕಿದ ದಿನ ಮೀನನ್ನು ತನ್ನಿರಿ.

ನಮ್ಮ ಮನೆಯ ಮ್ಯಾಂಡರಿನ್ ಈಗ ಹೊಟ್ಟೆ ದುಂಡಗಾಗಿ ಕಲ್ಲಿನಿಂದ ಕಲ್ಲಿಗೆ ತೆವಳುತ್ತಿದೆ. ಮೊಮ್ಮಗ ಪರೀಕ್ಷೆಗೆ ಹೋದ ದಿನಗಳಲ್ಲಿ ಸೀಸೆಯ ಗಾಳಿ ನಿಲ್ಲಿಸಿ, ಮರಿಗಳನ್ನು ಸೋಸಿ, ಹೊತ್ತಿಗೆ ಸರಿಯಾಗಿ ಉಣಿಸುವವರು ಮೊದಲು ಬೇಡವೆಂದ ನಮ್ಮ ಮನೆಯವರೇ. ಅದು ಸಂತೋಷದಿಂದ ಮಾಡುವ ಕೆಲಸವೆಂದು ಅವರು ಇಂದಿಗೂ ಹೇಳುವುದಿಲ್ಲ. ತಪ್ಪಿಸಬಾರದ ಕೆಲಸವೆಂದು ಹೇಳುತ್ತಾರೆ. ಚಿಟ್ಟೆಮೀನು ಇದ್ದ ಮೂಲೆ ಬರಿದಾಗಿಯೇ ಇದೆ. ಆ ಜಾಗಕ್ಕೆ ಇನ್ನೊಂದನ್ನು ತರುವ ಮಾತನ್ನು ಮೊಮ್ಮಗ ಎತ್ತಿಲ್ಲ, ನಾವೂ ಎತ್ತಿಲ್ಲ.